ಜೆಂಟೂವಿನಲ್ಲಿ ಫೋಟೊ ತೆರೆಯದಿದ್ದರೆ ಎಲ್ಲಿ ಹುಡುಕಬೇಕು

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಐಫೋನಿನಿಂದ ತೆಗೆದ ಫೋಟೊಗಳನ್ನು ಜೆಂಟೂ ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ಒಂದೂ ತೆರೆಯುವುದಿಲ್ಲ. ಅದೇ ಫೈಲು ಪಕ್ಕದ ಮೇಜಿನ ಉಬುಂಟುವಿನಲ್ಲಿ ಸಲೀಸಾಗಿ ಕಾಣುತ್ತದೆ. ಇಷ್ಟಕ್ಕೇ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ಉಬುಂಟುವಿನ ಪ್ಯಾಕೇಜುಗಳು ಹೆಚ್ಚಿನ ಫಾರ್ಮ್ಯಾಟುಗಳನ್ನು ಸೇರಿಸಿಕೊಂಡೇ ಬರುತ್ತವೆ. ಜೆಂಟೂ ಪ್ಯಾಕೇಜುಗಳನ್ನು ನಿಮ್ಮ ಯಂತ್ರದಲ್ಲೇ ಮೂಲ ಕೋಡಿನಿಂದ ಕಟ್ಟುತ್ತದೆ (ಕಂಪೈಲ್ ಮಾಡುತ್ತದೆ); ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂದು ಹೇಳುವ ಯೂಸ್ ಫ್ಲ್ಯಾಗಿನಲ್ಲಿ ಕೇಳಿದ್ದನ್ನು ಮಾತ್ರ ಸೇರಿಸುತ್ತದೆ. ಕೇಳದೇ ಬಿಟ್ಟದ್ದು ಯಾವುದು, ಯಾವ ಪ್ಯಾಕೇಜಿನಲ್ಲಿ ಎಂದು ಹುಡುಕುವುದೇ ಇಲ್ಲಿನ ಕೆಲಸ. (ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ಮೊದಲು 'ಫೈಲ್' ಆದೇಶಕ್ಕೆ ಚಿತ್ರದ ಹೆಸರು ಕೊಡಿ. ಅದು ಹೆಸರಿನ ಕೊನೆಯ ಭಾಗವನ್ನು ನಂಬುವುದಿಲ್ಲ, ಒಳಗಿನ ಮೊದಲ ಬೈಟುಗಳನ್ನು ಓದುತ್ತದೆ. '.ಜೆಪಿಜಿ' ಎಂದಿರುವ ಫೈಲು ಎಷ್ಟೋ ಸಲ ವೆಬ್‌ಪಿ ಎಂಬ ಬೇರೆಯೇ ಫಾರ್ಮ್ಯಾಟ್ ಆಗಿರುತ್ತದೆ. ಈ ಹಂತ ಬಿಟ್ಟರೆ ಜೆಪೆಗ್ ಫ್ಲ್ಯಾಗ್ ಹಿಂದೆ ಬಿದ್ದು ಅರ್ಧ ದಿನ ಹೋಗುತ್ತದೆ.

ಮುಂದಿನ ಪ್ರಶ್ನೆ: ತೆರೆಯಲು ನಿರಾಕರಿಸಿದ್ದು ಯಾರು? ಹೆಚ್ಚಿನ ವ್ಯೂವರ್‌ಗಳು ಚಿತ್ರವನ್ನು ತಾವೇ ಬಿಡಿಸುವುದಿಲ್ಲ, ಕೆಳಗಿನ ಒಂದು ಲೈಬ್ರರಿಗೆ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿಗೆ) ಒಪ್ಪಿಸುತ್ತವೆ. ಫೆ ವ್ಯೂವರ್‌ನ ಹಿಂದೆ ಇಮ್‌ಲಿಬ್2 ಇದೆ. ಜಿಟಿಕೆ (ಗ್ನೋಮ್‌ನಂಥ ಡೆಸ್ಕ್‌ಟಾಪ್‌ಗಳ ಟೂಲ್‌ಕಿಟ್) ಬಳಸುವ ಅಪ್ಲಿಕೇಶನ್‌ಗಳಲ್ಲಿ ಹೆಚ್ಚಿನವು ಜಿಡಿಕೆ-ಪಿಕ್ಸ್‌ಬಫ್ ಬಳಸುತ್ತವೆ. ಕೆಡಿಇ ಡೆಸ್ಕ್‌ಟಾಪಿನವು ಕ್ಯೂಟಿ-ಇಮೇಜ್‌ಫಾರ್ಮ್ಯಾಟ್ಸ್ ಮತ್ತು ಕೆ-ಇಮೇಜ್‌ಫಾರ್ಮ್ಯಾಟ್ಸ್ ಪ್ಲಗಿನ್‌ಗಳನ್ನು ನೆಚ್ಚಿಕೊಂಡಿವೆ. ಹಾಗಾಗಿ ಫೆಗೆ ವೆಬ್‌ಪಿ ಫ್ಲ್ಯಾಗ್ ಹಾಕಿ ಮತ್ತೆ ಕಟ್ಟಿದರೆ ಏನೂ ಬದಲಾಗದು; ಅದಕ್ಕೆ ಆ ಫ್ಲ್ಯಾಗೇ ಇಲ್ಲ. ಫ್ಲ್ಯಾಗ್ ಇರುವುದು ಇಮ್‌ಲಿಬ್2ನಲ್ಲಿ. ಟರ್ಮಿನಲ್‌ನಿಂದ ವ್ಯೂವರ್ ತೆರೆದರೆ ದೋಷದ ಸಾಲೇ ಹಲವು ಸಲ ಲೈಬ್ರರಿಯ ಹೆಸರು ಹೇಳಿಬಿಡುತ್ತದೆ: ಫೆ 'ನೋ ಇಮ್‌ಲಿಬ್2 ಲೋಡರ್' ಎನ್ನುತ್ತದೆ, ಚಿತ್ರಗಳನ್ನು ಪರಿವರ್ತಿಸುವ ಇಮೇಜ್‌ಮ್ಯಾಜಿಕ್ 'ನೋ ಡಿಕೋಡ್ ಡೆಲಿಗೇಟ್' ಎನ್ನುತ್ತದೆ.

ಲೈಬ್ರರಿ ಗೊತ್ತಾದ ಮೇಲೆ ಜೆಂಟೂವಿನಲ್ಲಿ ಪ್ಯಾಕೇಜು ಕಟ್ಟುವ ಆದೇಶವಾದ ಎಮರ್ಜ್ ಬಳಸಿ 'ಎಮರ್ಜ್ -ಪಿವಿ ಮೀಡಿಯಾ-ಲಿಬ್ಸ್/ಇಮ್‌ಲಿಬ್2' ಓಡಿಸಿ. ಇದು ಏನನ್ನೂ ಕಟ್ಟುವುದಿಲ್ಲ, ತೋರಿಸುತ್ತದೆ ಅಷ್ಟೆ. ಮೈನಸ್ ಚಿಹ್ನೆ ಇರುವ ಫ್ಲ್ಯಾಗ್ ಆರಿದೆ ಎಂದರ್ಥ. ಆವರಣದೊಳಗೆ ಇದ್ದರೆ ಅದನ್ನು ಪ್ರೊಫೈಲ್ (ನೀವು ಆರಿಸಿಕೊಂಡ ಜೆಂಟೂ ಡೀಫಾಲ್ಟ್‌ಗಳ ಗುಂಪು) ಹಿಡಿದಿಟ್ಟಿದೆ, ನಿಮ್ಮ ಸಾಲಿನಿಂದ ಬದಲಾಗದು. ಈಗ '/ಇಟಿಸಿ/ಪೋರ್ಟೇಜ್/ಪ್ಯಾಕೇಜ್.ಯೂಸ್'ನಲ್ಲಿ ಒಂದು ಸಾಲು ಬರೆಯಿರಿ: 'ಮೀಡಿಯಾ-ಲಿಬ್ಸ್/ಇಮ್‌ಲಿಬ್2 ವೆಬ್‌ಪಿ ಹೀಫ್' (ಹೀಫ್ ಎಂದರೆ ಐಫೋನ್ ಫೋಟೊಗಳ ಫಾರ್ಮ್ಯಾಟ್). ಮತ್ತೆ '-ಪಿವಿ' ಓಡಿಸಿದಾಗ ಆ ಫ್ಲ್ಯಾಗುಗಳ ಪಕ್ಕ ನಕ್ಷತ್ರ ಚಿಹ್ನೆ ಬಂದಿರಬೇಕು. ಹಿಂದಿನ ಬಿಲ್ಡಿಗಿಂತ ಇದು ಬದಲಾಗಿದೆ ಎಂಬುದಕ್ಕೆ ಅದೇ ಗುರುತು.

ನಕ್ಷತ್ರ ಬರದಿದ್ದರೆ ಕಟ್ಟಲು ಹೋಗಲೇಬೇಡಿ. ಹೆಚ್ಚಾಗಿ ಫ್ಲ್ಯಾಗಿನ ಹೆಸರೇ ತಪ್ಪಿರುತ್ತದೆ. ಫೋಟೊ 'ಹೆಐಸಿ' ಆದರೂ ಫ್ಲ್ಯಾಗಿನ ಹೆಸರು 'ಹೀಫ್'. ಜೆಪೆಗ್ 2000ಕ್ಕೆ 'ಜೆಪೆಗ್2ಕೆ'. ಚಿತ್ರ ತೆರೆಯದಿರಲು ಇನ್ನೊಂದು ಕಾರಣ, ಎಲ್ಲ ಪ್ಯಾಕೇಜುಗಳಿಗೂ ಅನ್ವಯಿಸುವ ಮೇಕ್.ಕಾನ್ಫ್ ಫೈಲಿನಲ್ಲಿ ಹಗುರವಾಗಲಿ ಎಂದು ಯೂಸ್ ಸಾಲಿಗೆ ಮೈನಸ್-ನಕ್ಷತ್ರ ಹಾಕಿರುವುದು. ಅದು ಡೆಸ್ಕ್‌ಟಾಪ್ ಪ್ರೊಫೈಲ್ ಕೊಡುವ ಜೆಪೆಗ್, ಪಿಎನ್‌ಜಿ, ಎಸ್‌ವಿಜಿಗಳನ್ನೂ ಗುಡಿಸಿ ಹಾಕುತ್ತದೆ. ದಿನಬಳಕೆಯ ಯಂತ್ರದಲ್ಲಿ ಆ ಸಾಲು ಇರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಟ್ಟಲು 'ಎಮರ್ಜ್ -1' ಜೊತೆಗೆ ಲೈಬ್ರರಿಯ ಹೆಸರು. ಆ '-1' ಇಲ್ಲದಿದ್ದರೆ ಲೈಬ್ರರಿ ವರ್ಲ್ಡ್ ಫೈಲಿಗೆ (ನೀವೇ ಕೇಳಿ ಹಾಕಿಸಿದ ಪ್ಯಾಕೇಜುಗಳ ಪಟ್ಟಿಗೆ) ಸೇರಿ, ಮುಂದೆ ಯಾರಿಗೂ ಬೇಡವಾದಾಗಲೂ ಬೇಡದ ಪ್ಯಾಕೇಜು ತೆಗೆಯುವ ಡೆಪ್‌ಕ್ಲೀನ್ ಅದನ್ನು ತೆಗೆಯುವುದಿಲ್ಲ. ಮೇಕ್.ಕಾನ್ಫ್‌ನಲ್ಲೇ ಎಲ್ಲಕ್ಕೂ ಫ್ಲ್ಯಾಗ್ ಹಾಕಿದ್ದರೆ 'ಎಮರ್ಜ್ -ಎಯುಡಿಯು @ವರ್ಲ್ಡ್'. ಇಲ್ಲಿ ಡಿ ಮತ್ತು ಕೊನೆಯ ಯು ದೊಡ್ಡಕ್ಷರ. ಒಂದೊಂದು ಕಂಪೈಲ್ ಕೆಲಸಕ್ಕೆ 2 ಜಿಬಿ ರ‍್ಯಾಮ್ ಎಂದು ಲೆಕ್ಕ ಹಾಕಿ. 8 ಜಿಬಿ ಇದ್ದರೆ 'ಜೆ4' (ಒಮ್ಮೆಗೆ ನಾಲ್ಕು ಕೆಲಸ) ಸಾಕು. ಮಳೆಗಾಲದ ಸಂಜೆ ಬೆಂಗಳೂರಿನಲ್ಲಿ ಕರೆಂಟ್ ಹೋಗಿ ನಡುವೆ ನಿಂತರೆ ಗಾಬರಿ ಬೇಡ. ಕಂಪೈಲ್ ಹಂತದಲ್ಲಿ ನಿಂತಿದ್ದರೆ ಹಳೆಯ ಲೈಬ್ರರಿ ಹಾಗೆಯೇ ಇರುತ್ತದೆ. 'ಎಮರ್ಜ್ --ರಿಸ್ಯೂಮ್' ಉಳಿದ ಪಟ್ಟಿಯನ್ನು ಮುಂದುವರಿಸುತ್ತದೆ.

ಹೀಫ್ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಬರುತ್ತದೆ. ಐಫೋನ್ ಚಿತ್ರಗಳನ್ನು ಓದಲು ಲಿಬ್‌ಹೀಫ್‌ಗೆ ಬೇಕಾದದ್ದು ಲಿಬ್‌ಡಿಇ265. ಎಕ್ಸ್265 ಹೊಸದಾಗಿ ಬರೆಯುವುದಕ್ಕೆ. ಬರೀ ನೋಡುವವರು ಅದನ್ನು ಕಟ್ಟುತ್ತಾ ಕೂರಬೇಕಿಲ್ಲ. ಜಿಟಿಕೆ ವ್ಯೂವರ್‌ನಲ್ಲಿ ಹೀಫ್ ಬೇಕಿದ್ದರೆ ಲಿಬ್‌ಹೀಫ್‌ನ 'ಜಿಡಿಕೆ-ಪಿಕ್ಸ್‌ಬಫ್' ಫ್ಲ್ಯಾಗ್ ಹಚ್ಚಿ. ಆಮೇಲೂ ತೆರೆಯದಿದ್ದರೆ 'ಜಿಡಿಕೆ-ಪಿಕ್ಸ್‌ಬಫ್-ಕ್ವೆರಿ-ಲೋಡರ್ಸ್' ಓಡಿಸಿ ಪಟ್ಟಿ ನೋಡಿ. ಪಟ್ಟಿಯಲ್ಲಿ ಲೋಡರ್ ಇದ್ದೂ ಚಿತ್ರ ಬಾರದಿದ್ದರೆ ಕ್ಯಾಶ್ ಹಳೆಯದಾಗಿದೆ. ಅದೇ ಆದೇಶಕ್ಕೆ '--ಅಪ್‌ಡೇಟ್-ಕ್ಯಾಶ್' ಸೇರಿಸಿ ರೂಟ್ ಆಗಿ ಓಡಿಸಿ.

ಇಮೇಜ್‌ಮ್ಯಾಜಿಕ್ ಪರೀಕ್ಷೆ ಸುಲಭ: 'ಮ್ಯಾಜಿಕ್ -ವರ್ಷನ್' ಕೊಟ್ಟರೆ 'ಡೆಲಿಗೇಟ್ಸ್' ಸಾಲಿನಲ್ಲಿ ಒಳಗಿರುವುದೆಲ್ಲ ಕಾಣುತ್ತದೆ. ಹೆಸರು ಇದ್ದೂ 'ನಾಟ್ ಆಥರೈಸ್ಡ್' ಎಂದರೆ ಅದು ಫ್ಲ್ಯಾಗಿನ ತಪ್ಪಲ್ಲ, ಅದರ ಭದ್ರತಾ ನಿಯಮಗಳ ಫೈಲಾದ ಪಾಲಿಸಿ.ಎಕ್ಸ್‌ಎಂಎಲ್ ತಡೆದಿದೆ. ರಾಜ್ಯೋತ್ಸವದ ಪೋಸ್ಟರ್‌ನಂಥ ಕನ್ನಡ ಅಕ್ಷರಗಳ ಎಸ್‌ವಿಜಿಯನ್ನು ಪಿಎನ್‌ಜಿ ಮಾಡುವವರು 'ಎಸ್‌ವಿಜಿ' ಫ್ಲ್ಯಾಗ್ ಮರೆಯಬಾರದು. ಅದಿಲ್ಲದೆಯೂ ಇಮೇಜ್‌ಮ್ಯಾಜಿಕ್ ತನ್ನೊಳಗಿನ ಸರಳ ರೆಂಡರರ್‌ನಿಂದ ಏನೋ ಒಂದು ಚಿತ್ರ ಕೊಡುತ್ತದೆ, ದೋಷ ತೋರಿಸುವುದಿಲ್ಲ. ಆದರೆ ಒತ್ತಕ್ಷರಗಳು ಒಡೆದು ಬೇರೆಬೇರೆಯಾಗಿ ನಿಲ್ಲಬಹುದು. ಫ್ಲ್ಯಾಗ್ ಇದ್ದಾಗ ಕೆಲಸ ಲಿಬ್‌ಆರ್‌ಎಸ್‌ವಿಜಿಗೆ ಹೋಗುತ್ತದೆ. ಅದು ಪ್ಯಾಂಗೊ ಮೂಲಕ ಅಕ್ಷರ ಜೋಡಿಸುವುದರಿಂದ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ಯಂತ್ರದಲ್ಲಿ ಕನ್ನಡ ಫಾಂಟ್ ಇರಬೇಕು ಎಂಬುದು ಬೇರೆ ಮಾತು.

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಓದುವವರಿಗೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಪಿಡಿಎಫ್ ತೆರೆಯುತ್ತದೆ, ಪುಟಸಂಖ್ಯೆ ಸರಿಯಿದೆ, ಪುಟ ಮಾತ್ರ ಖಾಲಿ. ಇಂಟರ್ನೆಟ್ ಆರ್ಕೈವ್‌ನ ಅನೇಕ ಪಿಡಿಎಫ್‌ಗಳಲ್ಲಿ ಪುಟದ ಚಿತ್ರ ಜೆಪೆಗ್ 2000 ರೂಪದಲ್ಲಿರುತ್ತದೆ. ಪಿಡಿಎಫ್ ಬಿಡಿಸುವ ಲೈಬ್ರರಿಯಾದ 'ಆ್ಯಪ್-ಟೆಕ್ಸ್ಟ್/ಪಾಪ್ಲರ್'ಗೆ 'ಜೆಪೆಗ್2ಕೆ' ಹಚ್ಚಿ ಮತ್ತೆ ಕಟ್ಟಿ. ಎವಿನ್ಸ್, ಒಕುಲಾರ್ ವ್ಯೂವರ್‌ಗಳೆರಡೂ ಪಾಪ್ಲರ್ ಮೇಲೆಯೇ ನಿಂತಿರುವುದರಿಂದ ಎರಡರಲ್ಲೂ ಪುಟ ಕಾಣುತ್ತದೆ. ಸ್ಕ್ಯಾನ್ ಪುಸ್ತಕಗಳ ಇನ್ನೊಂದು ಫಾರ್ಮ್ಯಾಟಾದ ಡೇಜಾವು ಫೈಲುಗಳಿಗೆ ಮಾತ್ರ ಫ್ಲ್ಯಾಗ್ ಆಯಾ ವ್ಯೂವರ್‌ನಲ್ಲೇ ಇದೆ.

ನಿನ್ನೆಯವರೆಗೆ ತೆರೆಯುತ್ತಿದ್ದ ಚಿತ್ರ ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಫ್ಲ್ಯಾಗ್ ಹುಡುಕುವ ಮೊದಲು 'ಎಮರ್ಜ್ @ಪ್ರಿಸರ್ವ್ಡ್-ರೀಬಿಲ್ಡ್' ಓಡಿಸಿ. ಇದು ಹಳೆಯ ಲೈಬ್ರರಿಗೆ ಅಂಟಿಕೊಂಡಿರುವ ಪ್ಯಾಕೇಜುಗಳನ್ನು ಮತ್ತೆ ಕಟ್ಟುತ್ತದೆ. ಕೊನೆಗೆ, ತೆರೆದಿರುವ ವ್ಯೂವರ್ ಮುಚ್ಚಿ ಮತ್ತೆ ತೆರೆಯಿರಿ. ಓಡುತ್ತಿರುವ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ.