ಕರೆ ಬಂದರೂ ಕೆಲಸ ಬಿಡಲಿಲ್ಲ

ಬೀದರ್ ಜಿಲ್ಲೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಒಬ್ಬ ಹುಡುಗನಿಗೆ ದೇವರ ಕರೆ ಬಂದಿದೆ ಎಂದರೆ ಮುಂದಿನದನ್ನು ಯಾರೂ ಕೇಳುವುದಿಲ್ಲ. ಅವನು ಕೆಲಸ ಬಿಡುತ್ತಾನೆ, ಪಾಸ್ಟರ್‌ಗಳನ್ನು ತಯಾರು ಮಾಡುವ ಸೆಮಿನರಿಗೆ ಹೋಗುತ್ತಾನೆ, ಬಿಳಿ ನಿಲುವಂಗಿ ತೊಟ್ಟು ಪಾಸ್ಟರ್ ಆಗಿ ಬರುತ್ತಾನೆ. ಉಳಿದವರು, ಅಂದರೆ ಮಾಸ್ತರರು, ಬಸ್ ಕಂಡಕ್ಟರ್‌ಗಳು, ನರ್ಸಮ್ಮಗಳು, ತೊಗರಿ ಬಿತ್ತುವವರು, ಭಾನುವಾರ ಕಾಣಿಕೆ ಹಾಕಿ ಮನೆಗೆ ಹೋಗುವವರು. ಕರೆ ಕೆಲವರಿಗೆ, ಕಾಣಿಕೆ ಎಲ್ಲರಿಗೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಏಕೆಂದು ಹೇಳಲು ನನ್ನದೇ ಕಥೆ ಹೇಳಬೇಕು.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯ ತಂತ್ರಜ್ಞ. ರಕ್ತ, ಮೂತ್ರ ಎಲ್ಲವೂ ಬರುತ್ತವೆ, ಆದರೆ ಹೆಚ್ಚಿನ ಹೊತ್ತು ಹೋಗುವುದು ಕಫದ ಪರೀಕ್ಷೆಗೆ, ಅಂದರೆ ಕ್ಷಯ ಪತ್ತೆಗೆ. ಭಾನುವಾರ ನಮ್ಮ ಮೆಥೋಡಿಸ್ಟ್ ಪಂಥದ ಸಭೆಯಲ್ಲಿ ಲೋಕಲ್ ಪ್ರೀಚರ್, ಅಂದರೆ ಪಾಸ್ಟರ್ ಅಲ್ಲದಿದ್ದರೂ ಬೋಧನೆ ಮಾಡುವವನು. ಪಾಸ್ಟರ್ ಬೇರೆ ಹಳ್ಳಿಗೆ ಹೋದ ದಿನ ಪ್ರಸಂಗ, ಅಂದರೆ ಆರಾಧನೆಯ ಬೋಧನೆ, ನನ್ನ ಪಾಲಿಗೆ. ಚೆನ್ನಾಗಿ ಮಾತನಾಡುತ್ತೇನೆ ಎಂದು ಜನ ಹೇಳುತ್ತಾರೆ. ತೊಡಕು ಶುರುವಾದದ್ದು ಈ ಹೊಗಳಿಕೆಯಿಂದಲೇ. ‘ಇಷ್ಟು ವರ ಇಟ್ಟುಕೊಂಡು ಉಗುಳಿನ ಡಬ್ಬಿ ಹಿಡಿದು ಕೂತಿದ್ದಾನಲ್ಲ’ ಎಂಬ ಮಾತು ಸಭೆಯ ಹಿರಿಯರಿಂದ ಬರತೊಡಗಿತು.

ಅದಕ್ಕಿಂತ ಭಾರವಾದದ್ದು ಅವ್ವನ ಹರಕೆ. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟರ ಜಾತ್ರೆ ನಡೆಯುತ್ತದೆ. ನಮ್ಮ ಕಡೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಹೋಗಿ ಡೇರೆ ಹಾಕುತ್ತಾರೆ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದ ಅವ್ವ ಅಲ್ಲಿ ಬೈಬಲಿನ ಹನ್ನಳ ಹಾಗೆ ಅತ್ತು ಬೇಡಿಕೊಂಡಿದ್ದಳಂತೆ: ಗಂಡು ಮಗು ಕೊಟ್ಟರೆ ಅದನ್ನು ನಿನ್ನ ಸೇವೆಗೇ ಬಿಡುತ್ತೇನೆ ಎಂದು. ಹುಟ್ಟಿದವನು ನಾನು. ನಾನು ಡಿಪ್ಲೊಮಾ ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದಾಗ ಊರೆಲ್ಲ ಪೇಢೆ ಹಂಚಿದವಳೂ ಅವ್ವನೇ. ಆದರೆ ಪ್ರತಿ ಹೊಸ ವರ್ಷಕ್ಕೆ ಒಮ್ಮೆಯಾದರೂ ‘ದೇವರ ಸಾಲ ಹಾಗೇ ಇದೆಯಪ್ಪಾ’ ಎನ್ನದೆ ಬಿಡುತ್ತಿರಲಿಲ್ಲ.

ಹೀಗಾಗಿ ನನಗೆ ಕರೆ ಇದೆಯೇ ಇಲ್ಲವೇ ಎಂಬುದಕ್ಕಿಂತ, ಇರುವ ಕರೆ ಯಾವುದಕ್ಕೆ ಎಂಬುದು ಪ್ರಶ್ನೆಯಾಯಿತು. ಕನಸು ಬೀಳಲಿ, ಧ್ವನಿ ಕೇಳಲಿ ಎಂದು ಕಾಯುವವರನ್ನು ನಾನು ನೋಡಿದ್ದೇನೆ. ಅವರ ಬಗ್ಗೆ ನಗುವುದಿಲ್ಲ. ಆದರೆ ಆ ಹನ್ನಳ ಮಗ ಸಮುವೇಲನ ಕಥೆಯನ್ನು ಸರಿಯಾಗಿ ಓದಿದರೆ, ಧ್ವನಿ ನಿಜವಾಗಿ ಕೇಳಿದ ಹುಡುಗನಿಗೂ ಅದು ಯಾರದೆಂದು ತಿಳಿಯಲಿಲ್ಲ. ಮತ್ತೆ ಮತ್ತೆ ಎದ್ದು ಯಾಜಕ ಏಲಿಯ ಬಳಿಗೆ ಓಡಿದ. ಕಣ್ಣು ಮಂಜಾದ ಆ ಮುದುಕನಿಗೆ ಮೂರನೆಯ ಸಲಕ್ಕೆ ಹೊಳೆಯಿತು, ಕರೆಯುತ್ತಿರುವವನು ದೇವರೆಂದು. ಕೇಳಿಸಿಕೊಂಡವನು ಒಬ್ಬ, ಗುರುತಿಸಿದವನು ಇನ್ನೊಬ್ಬ. ಇದನ್ನು ಓದಿದ ಮೇಲೆ ಒಬ್ಬಂಟಿಯಾಗಿ ಉಪವಾಸ ಕೂರುವುದನ್ನು ಬಿಟ್ಟು ನನ್ನ ಏಲಿಯನ್ನು ಹುಡುಕಿದೆ.

ಸಿಕ್ಕವರು ನಮ್ಮ ಸಭೆಯ ನಿವೃತ್ತ ಮಾಸ್ತರರು. ಹಳೆಯ ಕಾಲದ ಮೆಥೋಡಿಸ್ಟ್, ಮಾತು ಕಡಿಮೆ. ನಾನು ಹರಕೆ, ವರ, ಹಿರಿಯರ ಒತ್ತಾಯ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಸಂಬಳದ ದಿನ ಬಿಟ್ಟು ಬೇರೆ ಯಾವ ದಿನ ಆಸ್ಪತ್ರೆಗೆ ಹೋಗಲು ನಿನಗೆ ಮನಸ್ಸಾಗುತ್ತದೆ?’ ಉತ್ತರ ಕೊಡಲು ಹೋದವನನ್ನು ತಡೆದು, ‘ಈಗ ಬೇಡ, ನೋಡಿಕೊಂಡು ಬಾ’ ಎಂದರು. ಜೊತೆಗೆ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಕಾಲದ ಮೂರು ಪ್ರಶ್ನೆಗಳನ್ನು ಬರೆದುಕೊಟ್ಟರು. ಪ್ರಸಂಗ ಮಾಡಲು ದೇವರು ನನ್ನನ್ನು ಎಬ್ಬಿಸಿದ್ದಾನೆ ಎನ್ನುವವರನ್ನು ಪರೀಕ್ಷಿಸಲು 1746ರಲ್ಲಿ ವೆಸ್ಲಿಯ ಸಮ್ಮೇಳನ ಗೊತ್ತು ಮಾಡಿದ ಪ್ರಶ್ನೆಗಳವು. ಇವನಲ್ಲಿ ಕೃಪೆ ಇದೆಯೇ, ಅಂದರೆ ದೇವರನ್ನು ಬಲ್ಲವನೇ, ಪ್ರೀತಿಸುವವನೇ? ಆ ಕೆಲಸಕ್ಕೆ ಬೇಕಾದ ವರ ಇದೆಯೇ? ಕೆಲಸದಿಂದ ಫಲ ಬಂದಿದೆಯೇ? ಮೂರೂ ಇರಬೇಕು, ಮತ್ತು ಮೂರನ್ನೂ ತೂಗುವವರು ಬೇರೆಯವರು, ಅಭ್ಯರ್ಥಿಯಲ್ಲ.

ನಮ್ಮ ಹಿರಿಯರು ಎರಡನೆಯದನ್ನು ಮಾತ್ರ ನೋಡಿದ್ದರು. ಮೂರನೆಯದನ್ನು ನೋಡಬೇಕಾದರೆ ಕೆಲಸಕ್ಕೆ ಇಳಿಯಬೇಕು.

ಅವಕಾಶವೂ ಬಂತು. ನಮ್ಮ ಪಾಸ್ಟರ್‌ಗೆ ವರ್ಗವಾಗಿ, ಹೊಸಬರು ಬರುವುದು ತಡವಾಯಿತು. ಪಾಸ್ಟರ್‌ಗಳ ಮೇಲ್ವಿಚಾರಕರಾದ ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಅವರು ಸುತ್ತಲಿನ ಹಳ್ಳಿಗಳ ಸಭೆಗಳನ್ನು ಅಷ್ಟು ದಿನ ನೋಡಿಕೊಳ್ಳಲು ಹೇಳಿದರು. ಸಂಜೆಗಳನ್ನೂ ಭಾನುವಾರಗಳನ್ನೂ ಉಳಿದ ರಜೆಗಳನ್ನೂ ಅದಕ್ಕೇ ಕೊಟ್ಟೆ. ಪ್ರಸಂಗದಲ್ಲಿ ಏನೂ ಕಷ್ಟವಾಗಲಿಲ್ಲ. ಡೋಲಕ್, ತಾಳ, ಭಜನೆ, ಆಮೇಲೆ ವಾಕ್ಯ. ಆದರೆ ಪಾಸ್ಟರನ ಕೆಲಸದಲ್ಲಿ ಪ್ರಸಂಗ ಒಂದು ಚೂರು ಮಾತ್ರ. ಗುಡಿಯ ಜಾಗದ ತಕರಾರು, ಕಮಿಟಿಯ ಎರಡು ಪಂಗಡ, ಮುನಿಸಿಕೊಂಡು ತವರಿಗೆ ಹೋದ ಸೊಸೆ, ಅಂತ್ಯಸಂಸ್ಕಾರದ ಊಟಕ್ಕೆ ಕರೆಯಲಿಲ್ಲವೆಂದು ಸಭೆ ಬಿಟ್ಟವರು. ಒಳ್ಳೆಯ ಪಾಸ್ಟರ್ ಇಂಥಲ್ಲಿ ಗಂಟೆಗಟ್ಟಲೆ ಕೂತು, ಚಹಾ ಕುಡಿದು, ಯಾರ ಮುಖವೂ ಕೆಡದ ಹಾಗೆ ಎದ್ದು ಬರುತ್ತಾನೆ. ನನಗೆ ಅರ್ಧ ಗಂಟೆಗೇ ವರದಿ ಬರೆದು ಸಹಿ ಹಾಕಿಬಿಡುವ ಆತುರ. ಹೆಂಡತಿ ನೇರವಾಗಿಯೇ ಹೇಳಿದಳು: ‘ನೀವು ಪಾಸ್ಟರ್ ಆದರೆ ಊರೂರು ತಿರುಗಲು ನಾನು ಸಿದ್ಧ. ಆದರೆ ಜಗಳ ಬಿಡಿಸಲು ಕೂತಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ, ಆ ಜನವೂ ನೋಡಿದ್ದಾರೆ.’

ಇನ್ನೊಂದು ವಿಷಯ ಗಮನಕ್ಕೆ ಬಂದದ್ದು ನಿಧಾನವಾಗಿ. ಆರಾಧನೆ ಮುಗಿದ ಮೇಲೆ ಜನ ನನ್ನ ಬಳಿ ಪ್ರಾರ್ಥನೆಗೆ ಬರುತ್ತಿದ್ದರು ನಿಜ, ಆದರೆ ಕೈಯಲ್ಲಿ ಚೀಟಿ ಇರುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಎಕ್ಸ್‌ರೇ, ಮಡಿಸಿ ಮಡಿಸಿ ಸವೆದ ರಕ್ತದ ವರದಿ. ‘ಅಣ್ಣಾ, ಇದರಲ್ಲಿ ಏನು ಬರೆದಿದ್ದಾರೆ?’ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಕೆಮ್ಮುತ್ತ ಮರಳಿದವರು, ಹೈದರಾಬಾದಿನಲ್ಲಿ ಮಾತ್ರೆ ಶುರುಮಾಡಿ ಊರಿಗೆ ಬಂದ ಮೇಲೆ ಬಿಟ್ಟವರು. ಕ್ರೈಸ್ತರಷ್ಟೇ ಅಲ್ಲ, ಗುಡಿಯ ಹೊರಗೆ ಬೇವಿನ ಮರದ ಕೆಳಗೆ ಬೇರೆಯವರೂ ಕಾದು ನಿಲ್ಲುತ್ತಿದ್ದರು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಎರಡನೆಯ ತಿಂಗಳಿಗೆ ಕೆಮ್ಮು ಇಳಿದು ಹಸಿವು ಬರುತ್ತದೆ, ಮೂತ್ರ ಕೆಂಪಗಾಗುವುದನ್ನು ಕಂಡು ಮೊದಲೇ ಗಾಬರಿಯಾದವರು ಅಷ್ಟಕ್ಕೇ ಮಾತ್ರೆ ನಿಲ್ಲಿಸುತ್ತಾರೆ. ರೋಗ ಮರಳುತ್ತದೆ, ಕೆಲವೊಮ್ಮೆ ಔಷಧಕ್ಕೆ ಬಗ್ಗದ ರೋಗವಾಗಿ. ಆ ಮೂತ್ರದ ಬಣ್ಣ ಮಾತ್ರೆಯದೇ, ರಕ್ತವಲ್ಲ ಎಂದು ಒಂದು ಮಾತು ಹೇಳಿದರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಫಲ ಎಲ್ಲಿ ಬರುತ್ತಿದೆ ಎಂದು ಮಾಸ್ತರರು ಕೇಳಿದಾಗ ನಾನು ಈ ಚೀಟಿಗಳ ಸುದ್ದಿ ಹೇಳಿದೆ. ಅವರು ಏನನ್ನೂ ಹೇಳದೆ ಕನ್ನಡಕ ತೆಗೆದು ಒರೆಸಿಕೊಂಡರು.

ಅದೇ ಹೊತ್ತಿಗೆ ಕಲಬುರಗಿಯ ಒಬ್ಬ ಕಥೋಲಿಕ ಗುರುಗಳ ಪರಿಚಯವಾಗಿತ್ತು. ನಮ್ಮವರಲ್ಲಿ ಕೆಲವರು ಮೂಗು ಮುರಿದರು. ಮುರಿಯಲಿ, ಅವರಿಂದ ನನಗೆ ಎರಡು ಪಾಠ ಸಿಕ್ಕವು. ಸಂತ ಇಗ್ನೇಷಿಯಸ್ ಲೊಯೋಲ 1521ರಲ್ಲಿ ಪಂಪ್ಲೋನಾದ ಯುದ್ಧದಲ್ಲಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದ ಯೋಧ. ಹಾಸಿಗೆಯಲ್ಲಿ ತನ್ನ ಮನಸ್ಸನ್ನೇ ಗಮನಿಸಿದಾಗ ಅವನಿಗೆ ಒಂದು ವ್ಯತ್ಯಾಸ ಕಂಡಿತು: ಕೆಲವು ಯೋಚನೆಗಳು ಆ ಕ್ಷಣಕ್ಕೆ ಸಿಹಿ, ಆಮೇಲೆ ಬರಿದು. ಕೆಲವು, ಮುಗಿದ ಮೇಲೂ ಶಾಂತಿ ಉಳಿಸುತ್ತವೆ. ಪ್ರತಿ ರಾತ್ರಿ ದಿನವನ್ನು ಹಿಂತಿರುಗಿ ನೋಡಿ ಈ ವ್ಯತ್ಯಾಸವನ್ನು ಬರೆದಿಡು ಎಂದರು ಫಾದರ್. ಎರಡನೆಯದು, ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡ ಎಂಬ ಇಗ್ನೇಷಿಯಸನ ನಿಯಮ. ಮೇಲಧಿಕಾರಿಯ ಬೈಗುಳ ತಿಂದ ಸಂಜೆ ನನಗೆ ಸೆಮಿನರಿ ಸ್ವರ್ಗದಂತೆ ಕಾಣುತ್ತಿತ್ತು. ಅಂಥ ಸಂಜೆ ಕರೆ ಎನಿಸುವುದೆಲ್ಲ ಕರೆಯಲ್ಲ.

ನೋಟ್‌ಬುಕ್ ಬರೆದೆ. ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿಗೆ ಅರ್ಜಿ ಹಾಕುವ ಯೋಚನೆ ಅದರ ಮೊದಲ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಗಳಿಕೆ ಸಿಕ್ಕ ಪ್ರಸಂಗದ ರಾತ್ರಿಗಳು ಉಬ್ಬಿಕೊಂಡು ಶುರುವಾಗಿ ಮರುದಿನಕ್ಕೆ ಬತ್ತಿವೆ. ಶಾಂತಿ ಉಳಿದ ದಿನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದವು, ನನಗೇ ನಂಬಲಾಗದಷ್ಟು ಸಾಧಾರಣ ದಿನಗಳು.

ಆ ಸಾಧಾರಣ ಕೆಲಸ ಏನೆಂದು ಹೇಳುತ್ತೇನೆ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಆವಿ ಏಳುವವರೆಗೆ ಕೆಳಗಿನಿಂದ ಬಿಸಿ ಮಾಡಬೇಕು, ಕುದಿಯಬಾರದು. ಆಮೇಲೆ ಆಮ್ಲದಿಂದ ತೊಳೆದರೆ ಉಳಿದದ್ದೆಲ್ಲ ಬಣ್ಣ ಬಿಡುತ್ತದೆ, ಕ್ಷಯದ ಸೂಕ್ಷ್ಮಾಣು ಮಾತ್ರ ಬಿಡುವುದಿಲ್ಲ. ಮೇಲೆ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು. ಏನೂ ಕಾಣದಿದ್ದರೆ? ಸ್ಲೈಡನ್ನು ಸರಿಸುತ್ತ ಒಮ್ಮೆಗೆ ಕಣ್ಣಿಗೆ ಬೀಳುವಷ್ಟು ಜಾಗ ಒಂದು ನೋಟ, ಅಂಥ ನೂರು ನೋಟಗಳನ್ನು ನೋಡದೆ ನೆಗೆಟಿವ್ ಎಂದು ಬರೆಯುವ ಹಾಗಿಲ್ಲ. ಇಪ್ಪತ್ತಕ್ಕೇ ನಿಲ್ಲಿಸಿ ಬರೆದರೂ ಅಲ್ಲಿ ಕೇಳುವವರಿಲ್ಲ. ಮಧ್ಯಾಹ್ನ ಕರೆಂಟ್ ಹೋಗಿ, ಕತ್ತು ನೋಯುವಾಗ, ಎಂಬತ್ತನೆಯ ನೋಟದಲ್ಲಿ ಒಂದೇ ಒಂದು ಕೆಂಪು ಕಡ್ಡಿ ಸಿಗುವುದುಂಟು. ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸಿನ ಮನೆಯಲ್ಲಿ ಹಾಲು ಕುಡಿಯುವ ಕೂಸಿರುತ್ತದೆ.

ಬೀದರಿನಲ್ಲಿ ಪ್ರಾರ್ಥನಾ ಕೂಟವೊಂದರಲ್ಲಿ ನಾನು ಬೆಚಲೇಲನ ಬಗ್ಗೆ ಮಾತನಾಡಿದ್ದು ಇದೇ ಕಾರಣಕ್ಕೆ. ಬೈಬಲಿನ ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ಅವನನ್ನು ಹೆಸರು ಹಿಡಿದು ಕರೆಯುತ್ತಾನೆ, ತನ್ನ ಆತ್ಮದಿಂದ ತುಂಬಿಸುತ್ತಾನೆ. ಪ್ರವಾದನೆಗಲ್ಲ, ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ಕಲ್ಲು ಕೆತ್ತಲು, ಮರ ಕೊರೆಯಲು. ಬಿದರಿಯ ಊರಿನಲ್ಲಿ ಇದಕ್ಕೆ ವಿವರಣೆ ಬೇಡ. ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿ ಕಪ್ಪು ತರಿಸುವ ಕೈಗಳನ್ನು ಅಲ್ಲಿನವರು ದಿನವೂ ನೋಡುತ್ತಾರೆ. ಒಬ್ಬ ಯುವಕ ಎದ್ದು, ‘ಇದು ಬಸವಣ್ಣನವರ ಕಾಯಕವೇ ಅಲ್ಲವೇ?’ ಎಂದು ಕೇಳಿದ. ಕಲ್ಯಾಣ ಇರುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಎರಡೂ ಒಂದೇ ಎಂದು ನಾನು ಹೇಳಲಿಲ್ಲ, ಅವುಗಳ ಹಿಂದಿನ ನಂಬಿಕೆಗಳು ಬೇರೆ. ಆದರೆ ಗಂಡ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮ ನಮ್ಮ ಅನೇಕ ಪಾಸ್ಟರ್‌ಗಳಿಗೂ ಪಾಠ ಹೇಳಬಲ್ಲಳು ಎಂದೆ. ಸಭೆ ನಕ್ಕಿತು, ಪಾಸ್ಟರ್‌ಗಳು ನಗಲಿಲ್ಲ.

ಯೇಸುವಿನ ಅಪೊಸ್ತಲನಾದ ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದವನು. ಅದೇ ಊರಿನವರಿಗೆ ಬರೆದ ಪತ್ರದಲ್ಲಿ, ನೀವು ಕರೆಯಲ್ಪಟ್ಟಾಗ ಯಾವ ಸ್ಥಿತಿಯಲ್ಲಿದ್ದಿರೋ ಅದರಲ್ಲೇ ದೇವರೊಂದಿಗೆ ಇರಿ ಎನ್ನುತ್ತಾನೆ. ಈ ಮಾತನ್ನು ಬಡವರನ್ನು ಇದ್ದಲ್ಲೇ ಇಡಲು ಬಳಸಿದವರಿದ್ದಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಾಗೆ ಯಾರಾದರೂ ಹೇಳಿದ್ದರೆ ನಾನು ಶಾಲೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಅದೇ ಅಧ್ಯಾಯದಲ್ಲಿ ದಾಸನಿಗೆ, ಬಿಡುಗಡೆ ಸಿಕ್ಕರೆ ಅದನ್ನು ಉಪಯೋಗಿಸಿಕೋ ಎಂದೂ ಇದೆ. ಅದನ್ನೂ ಜೊತೆಗೇ ಓದಬೇಕು.

ಕೊನೆಗೆ ಮಾಸ್ತರರು, ಹೊಸ ಪಾಸ್ಟರ್, ಹೆಂಡತಿ ಮೂವರೂ ಕೂತು ನನ್ನ ನೋಟ್‌ಬುಕ್ ಕೇಳಿಸಿಕೊಂಡು, ಇದ್ದಲ್ಲೇ ಇರು ಎಂದರು. ಅವ್ವನಿಗೆ ಹೇಳುವುದು ಬಾಕಿಯಿತ್ತು. ಹೊಸ ಪಾಸ್ಟರ್ ಜಾಣರು, ಯಾಜಕಕಾಂಡದ 27ನೆಯ ಅಧ್ಯಾಯ ತೆರೆದರು. ಹರಕೆ ಹೊತ್ತು ಒಪ್ಪಿಸಿದ ಮನುಷ್ಯನನ್ನು ಬೆಲೆ ಕೊಟ್ಟು ಬಿಡಿಸಿಕೊಳ್ಳಬಹುದು: 20ರಿಂದ 60 ವರ್ಷದ ಗಂಡಸಿಗೆ ಐವತ್ತು ಬೆಳ್ಳಿ ಶೆಕೆಲ್, ಬಡವನಾದರೆ ಯಾಜಕನು ಅವನ ಶಕ್ತಿ ನೋಡಿ ಗೊತ್ತು ಮಾಡಬೇಕು. ಅವ್ವ ಸುಮ್ಮನೆ ಕೇಳಿದಳು. ಆಮೇಲೆ, ‘ನಾವೇನು ಬಡವರಲ್ಲ, ಇವನಿಗೆ ಸರ್ಕಾರದ ಸಂಬಳ ಬರುತ್ತದೆ. ಬೆಲೆ ನಾನೇ ಕಟ್ಟುತ್ತೇನೆ’ ಎಂದಳು. ಅಂದಿನಿಂದ ಪ್ರತಿ ತಿಂಗಳು ನನ್ನ ಸಂಬಳದಲ್ಲಿ ಒಂದು ಪಾಲು ಅವ್ವನ ಕೈಗೆ ಹೋಗುತ್ತದೆ. ಅದರಿಂದ ತತ್ತಿ, ಶೇಂಗಾ, ಬೇಳೆ ಬಂದು, ಮಾತ್ರೆ ತಿನ್ನುತ್ತಿರುವ ರೋಗಿಗಳ ಮನೆ ಸೇರುತ್ತವೆ. ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ. ಆದರೆ ಅವ್ವ ತನ್ನ ದರ ಇಳಿಸಿಲ್ಲ.

ಆಸ್ಪತ್ರೆಯಲ್ಲಿ ನಾನು ಕರಪತ್ರ ಹಂಚುವುದಿಲ್ಲ. ಇದನ್ನು ಹೇಳಿದಾಗ ಕೆಲವು ಸಹೋದರರಿಗೆ ನಿರಾಸೆಯಾಗುತ್ತದೆ. ಹೆದರಿ ಕೂತ ರೋಗಿಗೆ ನನ್ನಿಂದ ಬೇಕಾದದ್ದು ಸರಿಯಾದ ವರದಿ, ಅವನ ಹೆದರಿಕೆ ನನ್ನ ಪ್ರಸಂಗಕ್ಕೆ ಸಿಕ್ಕ ಅವಕಾಶವಲ್ಲ. ಪ್ರಾರ್ಥನೆ ನನ್ನೊಳಗೆ ನಡೆಯುತ್ತದೆ, ಡಬ್ಬಿಯ ಮೇಲೆ ಹೆಸರು ಬರೆಯುವಾಗ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳುವವರೂ ಇದ್ದಾರೆ.

ನಮ್ಮ ಸಭೆಯಲ್ಲಿ ಹೊಸ ವರ್ಷಕ್ಕೆ ವೆಸ್ಲಿಯ ಉಡಂಬಡಿಕೆಯ ಪ್ರಾರ್ಥನೆ ಹೇಳುತ್ತೇವೆ. ನಿನಗಾಗಿ ನನ್ನನ್ನು ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗಾಗಿ ಬದಿಗಿಡು ಎಂಬ ಭಾವ ಅದರಲ್ಲಿದೆ. ಮೊದಲ ಅರ್ಧವನ್ನು ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಈಗ ಎರಡನೆಯ ಅರ್ಧವೂ ಬಾಗಿಲಿಗೆ ಬಂದಿದೆ. ಕಫದಲ್ಲಿನ ಸೂಕ್ಷ್ಮಾಣುವನ್ನು ಯಂತ್ರವೇ ಗುರುತಿಸಿ, ಔಷಧಕ್ಕೆ ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ಹೇಳುವ ಕಾಲ ಬಂದಿದೆ. ಸ್ಲೈಡ್‌ಗಳು ಕಡಿಮೆಯಾಗುತ್ತಿವೆ. ಯಂತ್ರದ ಕೆಲಸ ಕಲಿತು ಜಿಲ್ಲಾ ಕೇಂದ್ರಕ್ಕೆ ಬರುವೆಯಾ ಎಂದು ಮೇಲಿನವರು ಕೇಳಿದ್ದಾರೆ. ಮಾಸ್ತರರು ಈಗಿಲ್ಲ. ನೋಟ್‌ಬುಕ್ ಮತ್ತೆ ತೆಗೆದಿದ್ದೇನೆ, ಹೆಂಡತಿ ಹೋಗೋಣ ಎಂದಿದ್ದಾಳೆ, ಅವ್ವ ಇನ್ನೂ ಬಾಯಿ ಬಿಟ್ಟಿಲ್ಲ. ಅಷ್ಟರವರೆಗೆ ದಿನದ ಕೆಲಸ ಇದ್ದೇ ಇದೆ: ಬರುವವರನ್ನು ಕಟ್ಟಡದ ಹಿಂದಿನ ಬಯಲಿಗೆ ಕರೆದೊಯ್ದು, ಉಗುಳು ಬೇಡ, ಉಸಿರು ಒಳಗೆಳೆದು ಹಿಡಿದು ಎದೆಯ ಆಳದಿಂದ ಕೆಮ್ಮಿ ಎಂದು ಮಾಡಿ ತೋರಿಸುವುದು. ಯಂತ್ರಕ್ಕೂ ಬೇಕಾದದ್ದು ಆ ಕಫವೇ.