ಶುಭಾಶಯದ ಕಾರ್ಡು, ಆರ್ಟ್ ಜರ್ನಲ್ ಮತ್ತು ಕರಾವಳಿಯ ತೇವ: ನನ್ನ ಅನುಭವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಕಾಗದ ಪೂರ್ತಿ ಒಣಗಿರುವ ದಿನವೇ ಇಲ್ಲ. ಅಂಗಡಿಯಿಂದ ತಂದ ಹೊಸ ಕಾರ್ಡ್‌ಶೀಟ್ ಎರಡು ದಿನ ಮೇಜಿನ ಮೇಲಿದ್ದರೆ ಮೂಲೆ ಎತ್ತಿಕೊಳ್ಳುತ್ತದೆ. ಬೇರೆ ಊರಿನವರು ಹೇಳುವ ಕ್ರಮದಲ್ಲಿ ‘ಹತ್ತು ನಿಮಿಷ ಒಣಗಲು ಬಿಡಿ’ ಅಂತ ಇದ್ದರೆ ಇಲ್ಲಿ ಅದನ್ನು ಒಂದು ಗಂಟೆ ಅಂತ ಓದಿಕೊಳ್ಳಬೇಕು, ಜುಲೈಯಲ್ಲಾದರೆ ಎರಡು ಗಂಟೆ. ಕಾರ್ಡು ಸೊಟ್ಟಗಾಗುವುದು, ಪುಟಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಬೂಷ್ಟು ಹಿಡಿಯುವುದು, ಎಲ್ಲಕ್ಕೂ ಕಾಗದ ಕುಡಿದ ನೀರೇ ಮೂಲ. ಆದ್ದರಿಂದ ಅಲಂಕಾರಕ್ಕೆ ಹೋಗುವ ಮೊದಲು ಕಾಗದದ ಮಾತು.

ಕಾರ್ಡಿಗೆ ನಾನು ಬಳಸುವುದು 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಕಾಗದ. ಚಾರ್ಟ್ ಪೇಪರ್ ತೆಳು, ನಿಲ್ಲಿಸಿದರೆ ಮಳೆಗಾಲದಲ್ಲಿ ಅರ್ಧ ದಿನದೊಳಗೆ ಬಾಗುತ್ತದೆ. 350ಕ್ಕಿಂತ ದಪ್ಪದ್ದನ್ನು ಮನೆಯಲ್ಲಿ ನೀಟಾಗಿ ಮಡಿಸಲು ಬರುವುದಿಲ್ಲ. ತೂಕಕ್ಕಿಂತಲೂ ಮುಖ್ಯವಾದದ್ದು ಕಾಗದದ ಎಳೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಎಳೆಯ ಉದ್ದಕ್ಕೆ ಮಡಿಸಿದರೆ ಮಡಿಕೆ ಚಾಕುವಿನ ಅಲಗಿನ ಹಾಗೆ ಬರುತ್ತದೆ; ಅಡ್ಡಕ್ಕೆ ಮಡಿಸಿದರೆ ನಾರು ಮುರಿದು ಬಿಳಿ ಬಿರುಕು ಕಾಣುತ್ತದೆ, ಬಣ್ಣದ ಕಾಗದದಲ್ಲಂತೂ ಎದ್ದು ಕಾಣುತ್ತದೆ. ದಿಕ್ಕು ಗೊತ್ತಾಗಬೇಕಾದರೆ ಅದೇ ಹಾಳೆಯಿಂದ 5 ಸೆಂ.ಮೀ. ಚೌಕದ ತುಂಡು ಕತ್ತರಿಸಿ, ಹಾಳೆಯಲ್ಲಿ ಯಾವ ಕಡೆ ಉದ್ದ ಇತ್ತೆಂದು ಬಾಣದ ಗುರುತು ಹಾಕಿ, ಒಂದು ಮಗ್ಗುಲನ್ನು ಮಾತ್ರ ಒದ್ದೆ ಮಾಡಿ. ಅದು ಕೊಳವೆಯ ಹಾಗೆ ಸುರುಳುತ್ತದೆ. ಕೊಳವೆ ಯಾವ ದಿಕ್ಕಿಗೆ ಉದ್ದವೋ ಅದೇ ಎಳೆಯ ದಿಕ್ಕು.

ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ 297 ಮಿ.ಮೀ. ಬದಿಯ ಉದ್ದಕ್ಕೆ ಇರುತ್ತದೆ. ಅಂಥ ಹಾಳೆಯನ್ನು ನಡುವೆ ಅಡ್ಡಕ್ಕೆ ಕತ್ತರಿಸಿ, ಸಿಕ್ಕಿದ ಎರಡು ತುಂಡುಗಳನ್ನು ಮತ್ತೆ ನಡುವೆ ಮಡಿಸಿದರೆ 105 × 148 ಮಿ.ಮೀ.ನ ಎರಡು ಕಾರ್ಡು ಆಗುತ್ತವೆ, ಮಡಿಕೆ ಎಳೆಯ ಜೊತೆಗೇ ಬೀಳುತ್ತದೆ. ಇಡೀ ಎ4 ಅನ್ನು ಒಂದೇ ದೊಡ್ಡ ಕಾರ್ಡಾಗಿ ಮಡಿಸಿದರೆ ಮಡಿಕೆ ಎಳೆಗೆ ಅಡ್ಡ ಬರುತ್ತದೆ. ದೊಡ್ಡ ಕಾರ್ಡೇ ಬಿರಿಯುವುದು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಮಡಿಸುವ ಮೊದಲು ಗೆರೆ ಒತ್ತಲೇಬೇಕು. ಶಾಯಿ ಮುಗಿದ ಬಾಲ್‌ಪೆನ್ ಸಾಕು, ಜೊತೆಗೆ ಸ್ಟೀಲ್ ಸ್ಕೇಲು. ಹಳೆಯ ಮ್ಯಾಗಜಿನ್ ಕೆಳಗಿಟ್ಟು, ಒಂದೇ ಒತ್ತಡದಲ್ಲಿ ಎರಡು ಸಲ ಎಳೆಯಿರಿ. ಕಟ್ಟರ್‌ನಿಂದ ಅರ್ಧ ಕೊಯ್ದು ಮಡಿಸುವವರಿದ್ದಾರೆ; ನಾನು ಒಪ್ಪುವುದಿಲ್ಲ, ನಾಲ್ಕು ಸಲ ತೆರೆದು ಮುಚ್ಚುವಷ್ಟರಲ್ಲಿ ಅದು ಕೈಗೆ ಬರುತ್ತದೆ. ಗೆರೆಯನ್ನು ಕಾರ್ಡಿನ ಹೊರಮೈಯಲ್ಲಿ ಒತ್ತಬೇಕು, ಹಿಂದೆ ಉಬ್ಬಿ ಬಂದ ಏಣು ಮಡಿಕೆಯ ಒಳಗೆ ಹೋಗಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಉಬ್ಬು ಹೊರಗೆ ಬಂದರೆ ಹೊರಮೈಯ ನಾರಿನ ಮೇಲೆ ಎಳೆತ ಜಾಸ್ತಿಯಾಗಿ ಬಿರುಕು ಬಿಡುತ್ತದೆ.

ಅಂಟಿನ ವಿಷಯದಲ್ಲಿ ಕಡಿಮೆ ನೀರು, ತೆಳು ಪದರ, ಇಷ್ಟೇ ನನ್ನ ನಿಯಮ. ಕಾರ್ಡಿನ ಮುಖಕ್ಕೆ ಕಾಗದ ಅಂಟಿಸಲು 6 ಮಿ.ಮೀ. ಡಬಲ್ ಸೈಡ್ ಟೇಪು ಒಳ್ಳೆಯದು, ಅದರಲ್ಲಿ ನೀರೇ ಇಲ್ಲ. ಎತ್ತರ ಬೇಕಾದಲ್ಲಿ 2 ಮಿ.ಮೀ. ಫೋಮ್ ಟೇಪು. ಆರ್ಟ್ ಜರ್ನಲ್ ಅಂದರೆ ಚಿತ್ರ, ಬರಹ ಸೇರಿಸಿ ತುಂಬಿಸುವ ಪುಸ್ತಕ; ಅದರ ಪುಟಕ್ಕೆ ತೆಳು ಕಾಗದ, ಟಿಶ್ಯೂ ಅಂಟಿಸುವಾಗ ಮಾತ್ರ ಫೆವಿಕಾಲ್ ಥರದ ಬಿಳಿ ಅಂಟು: ಮೂರು ಪಾಲು ಅಂಟಿಗೆ ಒಂದು ಪಾಲು ನೀರು. ಅಂಟು ಹಚ್ಚಬೇಕಾದದ್ದು ಕೆಳಗಿನ ದಪ್ಪ ಹಾಳೆಗೆ. ತೆಳು ಕಾಗದಕ್ಕೆ ಹಚ್ಚಿದರೆ ಅದು ಕೂಡಲೇ ಹಿಗ್ಗುತ್ತದೆ, ಅಂಟಿದ ಮೇಲೆ ಸುಕ್ಕು ಬಿಡಿಸಲಾಗದು. ಮಧ್ಯದಿಂದ ಹೊರಕ್ಕೆ ಹಳೆಯ ಎಟಿಎಂ ಕಾರ್ಡಿನಿಂದ ಸವರಿದರೆ ಗಾಳಿ ಹೊರಗೆ ಹೋಗುತ್ತದೆ.

ಮೈದಾ ಅಂಟು ಕೊಲಾಜಿಗೆ, ಅಂದರೆ ಕಾಗದದ ತುಂಡು ಅಂಟಿಸಿ ಮಾಡುವ ಚಿತ್ರಕ್ಕೆ, ನಿಜವಾಗಿ ಚೆಂದ. ನಿಧಾನವಾಗಿ ಹಿಡಿಯುವುದರಿಂದ ಕಾಗದವನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಒಂದು ಚಮಚ ಮೈದಾವನ್ನು 100 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿದರೆ ಹೊಳಪು ಬಂದು ದಪ್ಪವಾಗುತ್ತದೆ. ಬೇಸಿಗೆಯಲ್ಲಿ ನಾನು ಇದನ್ನೇ ಬಳಸುತ್ತೇನೆ. ಮಳೆಗಾಲದಲ್ಲಿ ಎರಡೇ ದಿನದಲ್ಲಿ ಬೂಷ್ಟು, ಆಮೇಲೆ ಜಿರಲೆ. ಹಿಂದೆ ಪುಸ್ತಕದ ರಟ್ಟು ಕಟ್ಟುವವರು ಇದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು, ಅಡಿಕೆ ತೋಟಕ್ಕೆ ಬೋರ್ಡೋ ಮದ್ದು ಮಾಡುವ ಅದೇ ಮೈಲುತುತ್ತ. ಕೆಲಸ ಮಾಡುತ್ತದೆ, ಆದರೆ ಅದು ವಿಷ. ಮಕ್ಕಳು ಕೈ ಹಾಕುವ ಜರ್ನಲಿಗೆ ಬೇಡ.

ಇನ್ನು ಅಕ್ಷರ. ಸಿದ್ಧ ಅಚ್ಚುಗಳಲ್ಲಿ ಕನ್ನಡ ಸಿಗುವುದು ಅಪರೂಪ, ಹಾಗಾಗಿ ಪೆನ್ಸಿಲ್ ಒರೆಸುವ ದೊಡ್ಡ ರಬ್ಬರಿನಲ್ಲಿ ನಾವೇ ಕೆತ್ತಿಕೊಳ್ಳಬೇಕು. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ, 4ಬಿ ಆದರೆ ಒಳ್ಳೆಯದು, ಪದವನ್ನು ಸರಿಯಾಗಿ ಬರೆದು, ಆ ಮಗ್ಗುಲನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿ. ಕನ್ನಡಿಯ ಅಕ್ಷರ ತಾನಾಗಿ ಮೂಡುತ್ತದೆ, ತಲೆಯಲ್ಲಿ ತಿರುಗಿಸಿ ಬರೆಯುವ ಕಷ್ಟ ಇಲ್ಲ. ಗೀಟು ಒಂದೂವರೆ ಮಿ.ಮೀ.ಗಿಂತ ತೆಳುವಾಗಬಾರದು. ‘ಶುಭಾಶಯ’ ಕೆತ್ತುವಾಗ ‘ಭ’ದ ಕೆಳಗಿನ ಸೀಳುಗೀಟು ತೆಳುವಾದರೆ ನಾಲ್ಕನೇ ಒತ್ತಿಗೆ ಮುರಿದು ಬೀಳುತ್ತದೆ, ಆಮೇಲೆ ಕಾರ್ಡಿನ ಮೇಲೆ ‘ಶುಬಾಶಯ’ ಅಂತ ಬೀಳುತ್ತದೆ. ಬ್ಲೇಡನ್ನು ಅಕ್ಷರದಿಂದ ಹೊರಕ್ಕೆ ಇಳಿಜಾರಾಗಿ ಹಿಡಿಯಬೇಕು, ಅಕ್ಷರದ ಬುಡ ತಲೆಗಿಂತ ಅಗಲ ಇರಬೇಕು. ಒಳಮುಖವಾಗಿ ಕೊಯ್ದರೆ ಬುಡ ಸಣ್ಣದಾಗಿ ಗೀಟು ಅಲ್ಲಾಡುತ್ತದೆ. ಇಂಕ್ ಪ್ಯಾಡಿಗೆ ಅಚ್ಚನ್ನು ಒತ್ತುವುದಲ್ಲ, ಪ್ಯಾಡನ್ನೇ ಅಚ್ಚಿನ ಮೇಲೆ ಮೆಲ್ಲನೆ ತಟ್ಟುವುದು. ಇಲ್ಲದಿದ್ದರೆ ‘ಯ’ದ ಸುಳಿಯೊಳಗೆ ಶಾಯಿ ತುಂಬುತ್ತದೆ.

ಕೈಯಿಂದ ಬರೆಯುವವರು ಒತ್ತಕ್ಷರಕ್ಕೆ ಜಾಗ ಬಿಡುವುದನ್ನು ಮರೆಯುತ್ತಾರೆ. ‘ಹುಟ್ಟುಹಬ್ಬದ’ ಎಂಬ ಒಂದೇ ಪದದಲ್ಲಿ ಎರಡು ಒತ್ತು ಉಂಟು. ಅಕ್ಷರ 10 ಮಿ.ಮೀ. ಎತ್ತರ ಇದ್ದರೆ ಒತ್ತಿಗೆ ಕೆಳಗೆ 6 ಅಥವಾ 7 ಮಿ.ಮೀ. ಬೇಕು, ಮುಂದಿನ ಸಾಲಿನ ಗುಡಿಸಿಗೂ ಏತ್ವಕ್ಕೂ ಮತ್ತೆ ಮೂರ್ನಾಲ್ಕು. ಹಾಗಾಗಿ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ 22 ಮಿ.ಮೀ. ಅಂತರದ ಗೆರೆ ಮೊದಲೇ ಪೆನ್ಸಿಲಿನಲ್ಲಿ ಎಳೆದಿಟ್ಟುಕೊಳ್ಳುತ್ತೇನೆ. ಒತ್ತು ಮತ್ತು ಗುಡಿಸು ನೇರ ಮೇಲೆಕೆಳಗೆ ಬರುವುದಾದರೆ ಎರಡನೇ ಸಾಲನ್ನು ಅರ್ಧ ಅಕ್ಷರ ಬಲಕ್ಕೆ ಸರಿಸಿದರಾಯಿತು.

ಜರ್ನಲ್ ಪುಟಕ್ಕೆ ನಮ್ಮ ಊರಿನಲ್ಲಿ ಸುಲಭವಾಗಿ ಸಿಗುವ ಒಂದು ಚಿತ್ರ ಇದೆ, ಹಳೆಯ ಮಂಗಳೂರು ಹಂಚಿನ ಹಿಂಬದಿಯ ಉಬ್ಬು ಮುದ್ರೆ. ಹಂಚನ್ನು ಒಣ ಬ್ರಷ್‌ನಿಂದ ಉಜ್ಜಿ ಪಾಚಿ ತೆಗೆದು ಎರಡು ದಿನ ಬಿಸಿಲಿಗಿಡಿ, ಮಣ್ಣಿನ ಹಂಚು ಒಳಗೇ ನೀರು ಇಟ್ಟುಕೊಂಡಿರುತ್ತದೆ. 60–70 ಜಿಎಸ್‌ಎಂನ ಸಾದಾ ಕಾಗದವನ್ನು ಅದರ ಮೇಲೆ ಟೇಪಿನಿಂದ ಬಿಗಿದು, ಸಿಪ್ಪೆ ತೆಗೆದ ಮೇಣದ ಕ್ರೇಯಾನನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಒತ್ತಡ ಹೆಚ್ಚಾದರೆ ತಗ್ಗಿನ ಜಾಗವೂ ಬಣ್ಣ ಹಿಡಿದು ಅಕ್ಷರ ಕಳೆದುಹೋಗುತ್ತದೆ. ಉಜ್ಜಿ ತೆಗೆದದ್ದರಲ್ಲಿ ಅಕ್ಷರ ತಿರುಗುವುದಿಲ್ಲ, ಇದ್ದ ಹಾಗೆಯೇ ಬರುತ್ತದೆ. ಮೊದಲು ಅದನ್ನು 200 ಜಿಎಸ್‌ಎಂ ಪುಟಕ್ಕೆ ಅಂಟಿಸಿ ಒಣಗಿಸಿ, ಆಮೇಲೆ ತೆಳು ಜಲವರ್ಣ ಬಳಿಯಿರಿ. ಮೇಣ ನೀರನ್ನು ತಳ್ಳುವುದರಿಂದ ಅಕ್ಷರದ ಸುತ್ತ ಮಾತ್ರ ಬಣ್ಣ ನಿಲ್ಲುತ್ತದೆ. ಬಾಸೆಲ್ ಮಿಷನ್ ಹಂಚಿನಲ್ಲಿ 1865 ಅಂತ ಇದ್ದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನರಿ ಸಂಸ್ಥೆಯ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಪುಟದ ಕೆಳಗೆ ತಾರೀಕು ಬರೆಯುವಾಗ ಇದು ನೆನಪಿರಲಿ.

ನನಗೆ ಅತಿ ಪ್ರಿಯವಾದದ್ದು ಕಾವಿ ಕಲೆಯ ಪುಟ. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಂಪು ಪದರ ಕೊಟ್ಟು, ಅದನ್ನು ಕೆರೆದು ಕೆಳಗಿನ ಬಿಳಿಯಿಂದ ಚಿತ್ರ ತೆಗೆಯುವ ಕ್ರಮ ಅದು. ಕಾಗದದಲ್ಲೂ ಅದೇ ತರ್ಕ ನಡೆಯುತ್ತದೆ. 300 ಜಿಎಸ್‌ಎಂ ಜಲವರ್ಣದ ಹಾಳೆಗೆ ಬಿಳಿ ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಎರಡು ಕೈ, ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಎರಡರ ನಡುವೆ ಬೇಸಿಗೆಯಲ್ಲಿ 40 ನಿಮಿಷ, ಮಳೆಗಾಲದಲ್ಲಿ ಎರಡು ಗಂಟೆ. ಅಂಗೈಯ ಹಿಂಬದಿಗೆ ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಪೂರ್ತಿ ಒಣಗಿದ ಮೇಲೆ 400 ನಂಬರಿನ ಮರಳು ಕಾಗದದಿಂದ ಹಗುರವಾಗಿ ತಿಕ್ಕಿ ನಯ ಮಾಡಿ.

ಕೆಂಪಿಗೆ, ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಚಮಚ ಪುಡಿ, ಒಂದು ಚಮಚ ಬಿಳಿ ಅಂಟು, ಎರಡು ಚಮಚ ನೀರು ಕಲಸಿ ತೆಳು ಬಟ್ಟೆಯಲ್ಲಿ ಸೋಸಿ. ಪುಡಿ ಹಾರದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಅಳತೆಯಲ್ಲೇ ಎಲ್ಲ ಇರುವುದು. ಅಂಟು ಜಾಸ್ತಿಯಾದರೆ ಪದರ ಚರ್ಮದ ಹಾಗೆ ಸುಲಿದು ಬರುತ್ತದೆ, ಗೆರೆಯ ಅಂಚು ಹರಿಯುತ್ತದೆ. ಕಡಿಮೆಯಾದರೆ ಒಣಗಿದ ಮೇಲೂ ಕೈಗೆ ಕೆಂಪು ಹತ್ತುತ್ತದೆ. ಟ್ಯೂಬಿನ ಅಕ್ರಿಲಿಕ್ ಇಲ್ಲಿ ಬೇಡ ಅನ್ನುವುದು ಇದಕ್ಕೇ, ಅದು ಒಣಗಿದರೆ ಪ್ಲಾಸ್ಟಿಕ್ ಹಾಳೆ.

ಒಂದು ಸಲಕ್ಕೆ 8 ಸೆಂ.ಮೀ. ಚೌಕಕ್ಕಿಂತ ಹೆಚ್ಚು ಬಳಿಯಬೇಡಿ. ಬಳಿದ ಮೇಲೆ ಕಾಯಬೇಕಾದದ್ದು ಒಂದೇ ಗುರುತಿಗೆ: ಒದ್ದೆಯ ಹೊಳಪು ಹೋಗಿ ಮೈ ಮಂಕಾಗಬೇಕು. ಬೇಸಿಗೆಯಲ್ಲಿ ಹತ್ತು ನಿಮಿಷ, ಮಳೆಯಲ್ಲಿ ಅರ್ಧ ಗಂಟೆ. ಹೊಳಪಿರುವಾಗಲೇ ಕೆರೆದರೆ ಕೆಂಪು ಮತ್ತೆ ಗೆರೆಯೊಳಗೆ ಹರಿಯುತ್ತದೆ. ಕೆರೆಯಲು ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆ) ಕಡ್ಡಿಯನ್ನು ಓರೆಯಾಗಿ ಕತ್ತರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಹತಾರು ಇಲ್ಲ. ಕೈವಾರದ ಮುಳ್ಳು ಗೆಸ್ಸೊವನ್ನೂ ಕಿತ್ತು ಕಾಗದಕ್ಕೆ ಇಳಿಯುತ್ತದೆ. ಶುರು ಮಾಡುವವರಿಗೆ ಆರು ಎಸಳಿನ ಹೂ: 3 ಸೆಂ.ಮೀ. ತ್ರಿಜ್ಯದ ವೃತ್ತ, ಅದೇ ಅಳತೆಯಲ್ಲಿ ವೃತ್ತದ ಮೇಲೆ ಆರು ಗುರುತು, ಪ್ರತಿ ಗುರುತಿನಿಂದ ಒಂದು ಕಮಾನು. ಇದನ್ನು ಬೇರೆ ರಟ್ಟಿನಲ್ಲಿ ಮೊದಲೇ ಎಳೆದು ಎಸಳು ಕತ್ತರಿಸಿ ಇಟ್ಟುಕೊಂಡರೆ, ಕೆಂಪಿನ ಮೇಲೆ ಅದನ್ನಿಟ್ಟು ಸುತ್ತ ಕೆರೆಯಬಹುದು. ಉದುರಿದ ಪುಡಿಯನ್ನು ಬೆರಳಿನಿಂದ ಒರೆಸಿದರೆ ಬಿಳಿ ಗೆರೆ ಗುಲಾಬಿಯಾಗುತ್ತದೆ. ಒಣ ಬ್ರಷ್ಷಿನಿಂದ ತಳ್ಳಿ.

ಒಂದೇ ಮಗ್ಗುಲಿಗೆ ಬಣ್ಣ ಬಿದ್ದ ಹಾಳೆ ಬಣ್ಣದ ಕಡೆಗೆ ಬಾಗುವುದು ಸಹಜ. ಹಿಂಬದಿಗೆ ಒದ್ದೆ ಸ್ಪಂಜಿನಿಂದ ತೆಳುವಾಗಿ ನೀರು ಸವರಿ, ಮೇಲೆ ಕೆಳಗೆ ಬಿಳಿ ಹತ್ತಿ ಬಟ್ಟೆಯಿಟ್ಟು, ಎರಡು ರಟ್ಟಿನ ನಡುವೆ ಸೇರಿಸಿ ಮೇಲೆ ಐದು ಕಿಲೋ ಕುಚ್ಚಲಕ್ಕಿಯ ಚೀಲ ಇಡಿ. ಒಂದು ಗಂಟೆ ಬಿಟ್ಟು ಬಟ್ಟೆ ಬದಲಾಯಿಸಿ, ಆಮೇಲೆ ರಾತ್ರಿಯಿಡೀ. ಬಟ್ಟೆಯ ಬದಲು ನ್ಯೂಸ್ ಪೇಪರ್ ಇಟ್ಟರೆ ಅಚ್ಚಿನ ಮಸಿ ಪುಟಕ್ಕೆ ಹತ್ತುತ್ತದೆ.

ಜರ್ನಲ್ ಕಟ್ಟುವಾಗ ಮತ್ತೆ ಎಳೆಯ ಲೆಕ್ಕ. 200 ಜಿಎಸ್‌ಎಂನ ಎಳೆ ಉದ್ದ ಬದಿಗೆ ಇರುವ ಎ3 ಹಾಳೆ ಕೊಂಡು ಅಡ್ಡಕ್ಕೆ ಅರ್ಧ ಮಾಡಿ ಮಡಿಸಿದರೆ ಎಳೆ ಬೆನ್ನಿನ ಉದ್ದಕ್ಕೆ ಬರುತ್ತದೆ, ಪುಟ ತೆರೆದಾಗ ಮಲಗುತ್ತದೆ. ಹೀಗೆ ಮಡಿಸಿದ ನಾಲ್ಕು ತುಂಡಿಗೆ, ಅಂದರೆ ಎರಡು ಎ3 ಹಾಳೆಗೆ, 16 ಪುಟ. ಸ್ಟೇಪ್ಲರ್ ಪಿನ್ನು ಸಮುದ್ರದ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ, ಹಾಗಾಗಿ ದಾರವೇ ಸರಿ. ನಡುವೆ ಒಂದು ತೂತು, ಎರಡು ತುದಿಯಿಂದ 3 ಸೆಂ.ಮೀ. ಒಳಗೆ ಒಂದೊಂದು. ಮೇಣದಬತ್ತಿಗೆ ಉಜ್ಜಿದ 55 ಸೆಂ.ಮೀ. ದಪ್ಪ ದಾರವನ್ನು ಒಳಗಿನಿಂದ ನಡುತೂತಿನಲ್ಲಿ ಹೊರಗೆ, ಮೇಲಿನ ತೂತಿನಲ್ಲಿ ಒಳಗೆ, ನಡುವನ್ನು ಬಿಟ್ಟು ಕೆಳಗಿನ ತೂತಿನಲ್ಲಿ ಹೊರಗೆ, ಕೊನೆಗೆ ನಡುತೂತಿನಲ್ಲಿ ಒಳಗೆ ತಂದು, ಉದ್ದದ ಹೊಲಿಗೆಯ ಆಚೆ ಈಚೆ ಎರಡು ತುದಿ ಹಿಡಿದು ಗಂಟು ಹಾಕಬೇಕು. ಅಕ್ರಿಲಿಕ್ ಹಾಕಿದ ಪುಟಗಳು ಒಣಗಿದಂತೆ ಕಂಡರೂ ಒತ್ತಡದಲ್ಲಿ ಅಂಟಿಕೊಳ್ಳುತ್ತವೆ. ಅದಕ್ಕೆ ಬಣ್ಣದ ಮೇಲೆ ಮೇಣದಬತ್ತಿಯನ್ನು ಹಗುರವಾಗಿ ಉಜ್ಜಿ ಬಟ್ಟೆಯಿಂದ ತಿಕ್ಕುತ್ತೇನೆ, ನಡುವೆ ಬಟರ್ ಪೇಪರನ್ನೂ ಇಡುತ್ತೇನೆ.

ಹೂ ಒತ್ತುವವರಿಗೆ ಒಂದೇ ಮಾತು. ಮಲ್ಲಿಗೆ ಬೇಡ, ಎಷ್ಟು ಜೋಪಾನ ಮಾಡಿದರೂ ಕಂದಾಗುತ್ತದೆ. ಬಾವಿಕಟ್ಟೆಯ ಕಲ್ಲಿನ ಸಂದಿನ ಜರಿಗಿಡ ಮತ್ತು ಶಂಖಪುಷ್ಪ ಚೆನ್ನಾಗಿ ಒಣಗುತ್ತವೆ. ಎರಡು ದಿನಕ್ಕೊಮ್ಮೆ ಕಾಗದ ಬದಲಾಯಿಸಿದರೆ ಹದಿನೈದು ದಿನ ಸಾಕು. ಶಂಖಪುಷ್ಪದ ನೀಲಿ ಬೆಳಕಿಗೆ ಮಾಸುತ್ತದೆ, ಅದನ್ನು ಕಾರ್ಡಿನ ಒಳಬದಿಗೆ ಅಂಟಿಸಿ.

ಅಂಚೆಗೆ ಹಾಕುವ ಕಾರ್ಡನ್ನು ಮೊದಲು ತೂಗಿ. ಪತ್ರದ ದರ 20 ಗ್ರಾಂಗೆ ಒಂದು ಹಂತ. ಮೇಲೆ ಹೇಳಿದ ಅಳತೆಯ 300 ಜಿಎಸ್‌ಎಂ ಕಾರ್ಡು ಬರೀ ಕಾಗದದಲ್ಲಿ ಸುಮಾರು 9 ಗ್ರಾಂ, 100 ಜಿಎಸ್‌ಎಂನ 114 × 162 ಮಿ.ಮೀ. ಲಕೋಟೆ ಸುಮಾರು 5 ಗ್ರಾಂ. ಅಲಂಕಾರಕ್ಕೆ ಉಳಿಯುವುದು ಐದಾರು ಗ್ರಾಂ ಮಾತ್ರ. ಮರದ ಗುಂಡಿ, ಮಣಿ ಸೇರಿಸಿದರೆ ಮುಂದಿನ ಹಂತಕ್ಕೆ ಹೋಗುತ್ತದೆ. ಉಬ್ಬಿದ ಭಾಗ ಮುದ್ರೆಯ ಏಟಿಗೆ ಚಪ್ಪಟೆಯಾಗದಂತೆ ಅದೇ ಎತ್ತರದ ಫೋಮ್ ಚೌಕಟ್ಟನ್ನು ಸುತ್ತಲೂ ಕೊಡಿ. ವಿಳಾಸವನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ. ಜೆಲ್ ಪೆನ್ನಿನ ಅಕ್ಷರ ಪೋಸ್ಟ್‌ಮ್ಯಾನ್ ಚೀಲದಿಂದ ಗೇಟಿನವರೆಗೆ ಬರುವಷ್ಟರಲ್ಲಿ ಎರಡು ಹನಿ ಮಳೆ ಬಿದ್ದರೂ ಹರಡುತ್ತದೆ.