ಬೇಸ್ ಪ್ರಾಕ್ಟೀಸ್‌ಗೆ ಫಂಕ್, ಸೋಲ್ ಹಾಡು ಆರಿಸ್ಕೊಂಡಿದ್ದು ಹೀಗೆ – ನನ್ನ ಅನುಭವ

ಬೇಸ್ ಗಿಟಾರ್ ಕಲಿಯೋರಲ್ಲಿ ತುಂಬ ಜನ ಫಂಕ್ (ತಾಳಕ್ಕೇ ಒತ್ತು ಕೊಡೋ ಅಮೆರಿಕದ ಸಂಗೀತ) ಅಂದ ಕೂಡ್ಲೇ ಸ್ಲ್ಯಾಪ್, ಅಂದ್ರೆ ತಂತಿಯನ್ನ ಹೆಬ್ಬೆರಳಲ್ಲಿ ಹೊಡೆದು ಬೆರಳಲ್ಲಿ ಎಳೆದು ನುಡಿಸೋದು, ಇರೋ ಹಾಡು ಹುಡುಕ್ತಾರೆ. ನಾನು ಹಾಡು ಆರಿಸೋವಾಗ ಮೊದಲು ನೋಡೋದು ಆ ಹಾಡಿನ ಬೇಸ್‌ಲೈನ್‌ನಲ್ಲಿ (ಬೇಸ್ ನುಡಿಸೋ ಸ್ವರಗಳ ಸಾಲಲ್ಲಿ) ಖಾಲಿ ಜಾಗ ಎಷ್ಟಿದೆ ಅಂತ. ನೋಟ್ಸ್ (ಸ್ವರಗಳು) ಕಮ್ಮಿ ಇದ್ರೆ ಬೆರಳಿಗೆ ಕೆಲಸ ಕಮ್ಮಿ, ಕಿವಿಗೆ ಕೆಲಸ ಜಾಸ್ತಿ, ಒಂದೊಂದು ನೋಟ್ ಎಲ್ಲಿ ಶುರುವಾಯ್ತು, ಎಷ್ಟು ಹೊತ್ತು ನಿಂತ್ತು, ಎಲ್ಲಿ ಕಟ್ ಆಯ್ತು ಅನ್ನೋದು ಸ್ಪಷ್ಟವಾಗಿ ಕೇಳ್ಸುತ್ತೆ. ಗ್ರೂವ್, ಅಂದ್ರೆ ಕೇಳೋರ ತಲೆ ಆಡಿಸೋ ತಾಳದ ಓಟ, ಇರೋದೇ ಅಲ್ಲಿ ಅಂತ ನನ್ನ ನಂಬಿಕೆ, ಅದಕ್ಕೇ ನನ್ನ ಲಿಸ್ಟು ಪೂರ್ತಿ ಆ ಲೆಕ್ಕದಲ್ಲೇ ಬೆಳೆದಿದ್ದು.

ಮೊದಲನೇ ಹಾಡು ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅವರ ‘ಎವರಿಡೇ ಪೀಪಲ್’, 1968ರದ್ದು. ಬೇಸ್ ನುಡಿಸಿರೋದು ಲ್ಯಾರಿ ಗ್ರಹಾಂ, ಸ್ಲ್ಯಾಪ್ ಶೈಲಿಯನ್ನ ಜಗತ್ತಿಗೆಲ್ಲ ಹಬ್ಬಿಸಿದ ಮನುಷ್ಯ, ಆದ್ರೆ ಈ ಹಾಡಲ್ಲಿ ಶುರುವಿನಿಂದ ಕೊನೆವರೆಗೂ ಒಂದೇ ಒಂದು ನೋಟ್. ಇದನ್ನೇನು ಪ್ರಾಕ್ಟೀಸ್ ಮಾಡೋದು ಅನ್ಸುತ್ತಲ್ಲ, ಒಂದು ಸಲ ಹಾಡಿನ ಜೊತೆ ಪೂರ್ತಿ ನುಡಿಸಿ ರೆಕಾರ್ಡ್ ಮಾಡ್ಕೊಂಡು ಕೇಳಿ. ಹಾಡು ಎರಡೂವರೆ ನಿಮಿಷಾನೂ ಇಲ್ಲ, ಅಷ್ಟರಲ್ಲೇ ಕೈ ಎಲ್ಲಿ ಮುಂದೆ ಓಡ್ತಿದೆ, ಎಲ್ಲಿ ಒಂದು ನೋಟ್ ಜೋರಾಗಿ ಪಕ್ಕದ್ದು ಮೆತ್ತಗೆ ಬರ್ತಿದೆ ಎಲ್ಲಾ ಗೊತ್ತಾಗುತ್ತೆ, ಯಾಕಂದ್ರೆ ಕಿವಿ ತಿರುಗಿಸೋಕೆ ಬೇರೆ ನೋಟೇ ಇಲ್ಲ. ನಾನಿದನ್ನ ಎರಡು ಥರ ನುಡಿಸ್ತೀನಿ. ಒಂದು ಸಲ ನೋಟನ್ನ ಪೂರ್ತಿ ಉದ್ದಕ್ಕೆ ಬಿಟ್ಟು, ಇನ್ನೊಂದು ಸಲ ಎಡಗೈ ಬೆರಳನ್ನ ತಂತಿಯಿಂದ ಪೂರ್ತಿ ತೆಗೀದೆ ಒತ್ತಡ ಮಾತ್ರ ಸಡಿಲಿಸಿ ಚಿಕ್ಕದಾಗಿ ಕಟ್ ಮಾಡಿ. ಹಾಡು ಅದೇ, ನೋಟ್ ಅದೇ, ಆದ್ರೆ ಇಡೀ ಬ್ಯಾಂಡಿನ ನಡಿಗೆನೇ ಬದಲಾದ ಹಾಗೆ ಕೇಳ್ಸುತ್ತೆ. ಆ ಎಡಗೈ ಸಡಿಲಿಸೋ ಅಭ್ಯಾಸ ಒಂದು ಬಂದ್ರೆ ಮುಂದಿನ ಎಲ್ಲಾ ಹಾಡಿಗೂ ಉಪಯೋಗಕ್ಕೆ ಬರುತ್ತೆ.

ಅದಾದ್ಮೇಲೆ ಎರಡೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಇರೋ ಹಾಡುಗಳು. ಸ್ಟೇಪಲ್ ಸಿಂಗರ್ಸ್ ಅವರ ‘ಐ ವಿಲ್ ಟೇಕ್ ಯು ದೇರ್’ (1972) ಇಡೀ ಹಾಡು ಸಿ ಮತ್ತು ಎಫ್ ಮಧ್ಯೆನೇ ಓಡಾಡುತ್ತೆ, ಡೇವಿಡ್ ಹುಡ್ ಬೇಸ್, ರೆಗ್ಗೆ ಕಡೆಯಿಂದ ಬಂದ ಗ್ರೂವ್ ಅದು, ಮಧ್ಯದಲ್ಲಿ ಹಾಡೋ ಮೇವಿಸ್ ಸ್ಟೇಪಲ್ಸ್, ಹುಡ್ ಅವರನ್ನ ಹೆಸರು ಹಿಡಿದೇ ಕರೀತಾರೆ, ಬೇಸ್ ಮುಂದೆ ಬರುತ್ತೆ. ಬೇಸ್ ನುಡಿಸೋರಿಗೆ ಅಂಥ ಮರ್ಯಾದೆ ಸಿಕ್ಕ ಹಾಡು ಕೇಳೋಕೇ ಖುಷಿ. ಶಿಕ್ ಅವರ ‘ಗುಡ್ ಟೈಮ್ಸ್’ (1979) ಬರ್ನಾರ್ಡ್ ಎಡ್ವರ್ಡ್ಸ್ ಅವರದ್ದು, ಶುರುವಲ್ಲಿ ಒಂದೇ ನೋಟ್ ಮೂರು ಸಲ ಹೊಡೆದು ಒಂದು ಗ್ಯಾಪ್ ಬಿಟ್ಟು ಆಮೇಲೆ ಲೈನ್ ಬಿಚ್ಕೊಳ್ಳುತ್ತೆ. ಎಲ್ಲರೂ ಕಲಿಯೋದು ಆ ಬಿಚ್ಕೊಳ್ಳೋ ಭಾಗ, ನಾನು ಜಾಸ್ತಿ ಹೊತ್ತು ಕೂತಿದ್ದು ಆ ಮೂರು ನೋಟಿನ ಮೇಲೆ, ಮೂರೂ ಒಂದೇ ತೂಕದಲ್ಲಿ, ಗ್ಯಾಪಲ್ಲಿ ತಂತಿ ಒಂಚೂರೂ ಗುಂಯ್ ಅನ್ನದ ಹಾಗೆ.

ಇನ್ನೊಂದು ಲೆಕ್ಕ ಡ್ರಮ್ಮರ್‌ದು. ಬೇಸ್‌ಲೈನ್ ಎಷ್ಟೇ ಚೆನ್ನಾಗಿರ್ಲಿ, ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಮತ್ತು ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್) ಬೇರೆ ಬೇರೆಯಾಗಿ ಕೇಳ್ಸದೆ ಇದ್ರೆ ಆ ರೆಕಾರ್ಡಿಂಗ್ ಜೊತೆ ಪ್ರಾಕ್ಟೀಸ್ ಮಾಡಲ್ಲ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋ ಹಾಡುಗಳು ಈ ವಿಷಯದಲ್ಲಿ ಬಂಗಾರ, ಡಕ್ ಡನ್ ಬೇಸು, ಅಲ್ ಜಾಕ್ಸನ್ ಜೂನಿಯರ್ ಡ್ರಮ್ಸು. ವಿಲ್ಸನ್ ಪಿಕೆಟ್ ಹಾಡಿರೋ ‘ಇನ್ ದ ಮಿಡ್‌ನೈಟ್ ಅವರ್’ (1965) ತಗೊಳ್ಳಿ, ಅದ್ರಲ್ಲಿ ಎರಡು ಮತ್ತು ನಾಲ್ಕನೇ ಬೀಟಿನ ಸ್ನೇರ್ ಒಂದು ಕೂದಲೆಳೆ ತಡವಾಗಿ ಬೀಳುತ್ತೆ. ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಆಗಿನ ಕಾಲದ ಡ್ಯಾನ್ಸ್ ಸ್ಟೆಪ್ ಒಂದನ್ನ ಸ್ಟುಡಿಯೋದಲ್ಲೇ ಕುಣಿದು ತೋರಿಸಿದ್ದಕ್ಕೆ ಹುಟ್ಟಿದ ತಡ ಅದು. ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡೋ ಸಾಧನ) ಯಾವತ್ತೂ ಹೀಗೆ ತಡ ಮಾಡಲ್ಲ, ಅದಕ್ಕೇ ಮನುಷ್ಯರು ನುಡಿಸಿದ ಡ್ರಮ್ಸ್ ಜೊತೆ ಕೂರೋದು ಮುಖ್ಯ. ಮೀಟರ್ಸ್ ಅವರ ‘ಸಿಸ್ಸಿ ಸ್ಟ್ರಟ್’ (1969) ಕೂಡ ಇದೇ ಕಾರಣಕ್ಕೆ ಲಿಸ್ಟಲ್ಲಿದೆ, ಜಾರ್ಜ್ ಪೋರ್ಟರ್ ಜೂನಿಯರ್ ಬೇಸು ಗಿಟಾರ್ ಜೊತೆ ಒಂದೇ ರಿಫ್ (ಮತ್ತೆ ಮತ್ತೆ ಬರೋ ಚಿಕ್ಕ ತುಣುಕು) ನುಡಿಸ್ತಾ ಹೋಗುತ್ತೆ, ಝಿಗಬೂ ಮೊಡೆಲಿಸ್ಟ್ ಡ್ರಮ್ಸ್ ಆ ರಿಫ್ಫಿನ ಸಂದಿಯಲ್ಲೆಲ್ಲ ನುಗ್ಗುತ್ತೆ. ಒಂದನೇ ಬೀಟ್ ಎಲ್ಲಿ ಅಂತ ಕಾಲಲ್ಲಿ ತಟ್ಟಿ ಹಿಡ್ಕೊಂಡಿರದೆ ಇದ್ರೆ ಕಳೆದುಹೋಗ್ತೀವಿ.

ಜೇಮ್ಸ್ ಜೇಮರ್ಸನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಲೇಬೇಕು. ಡೆಟ್ರಾಯ್ಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಬೇಸ್ ಬಹುಪಾಲು ಅವರದ್ದೇ, ಬಲಗೈಯ ತೋರುಬೆರಳು ಒಂದ್ರಲ್ಲೇ ನುಡಿಸ್ತಿದ್ರು, ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾಗಿರೋ) ತಂತಿ, ಬ್ರಿಡ್ಜ್ (ಗಿಟಾರ್ ಮೈ ಮೇಲೆ ತಂತಿ ಕೂರೋ ಪಟ್ಟಿ) ಕವರ್ ಕೆಳಗೆ ಫೋಮ್ ತುಂಡು. ‘ವಾಟ್ಸ್ ಗೋಯಿಂಗ್ ಆನ್’ (1971) ನುಡಿಸ್ಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತೆ, ನಂಗೂ ಇತ್ತು, ಆದ್ರೆ ಮೊದಲು ಕೂತಿದ್ದು ‘ಮೈ ಗರ್ಲ್’ (1964) ಮೇಲೆ. ಶುರುವಲ್ಲಿ ಬೇಸ್ ಬಂದು ಆಮೇಲೆ ಗಿಟಾರ್ ಸೇರ್ಕೊಳ್ಳುತ್ತೆ, ಹಾಗಾಗಿ ಹಾಡಿನ ವೇಗ ನಮ್ಮ ಕೈಯಲ್ಲೇ. ನಾನು ಬ್ರಿಡ್ಜ್ ಹತ್ರ ತಂತಿ ಕೆಳಗೆ ಒಂದು ಸ್ಪಂಜ್ ತುಂಡು ತುರುಕಿ, ಒಂದೇ ಬೆರಳಲ್ಲಿ ನುಡಿಸಿ ನೋಡಿದೆ, ನೋಟ್ ತಾನಾಗೇ ಚಿಕ್ಕದಾಗುತ್ತೆ, ಧಪ್ ಧಪ್ ಅಂತ ದುಂಡಗೆ ಬರುತ್ತೆ. ಒಂದೇ ಬೆರಳು ಅಂದ್ಮೇಲೆ ಎಲ್ಲಾ ಪೆಟ್ಟೂ ಒಂದೇ ದಪ್ಪ. ಖರ್ಚಿಲ್ಲದ ಪ್ರಯೋಗ, ಖಂಡಿತ ಮಾಡಿ.

ಸ್ಲ್ಯಾಪ್‌ಗೆ ನಾನು ಇಟ್ಕೊಂಡಿರೋದು 1969ರ ‘ಥ್ಯಾಂಕ್ ಯು’, ಮತ್ತೆ ಅದೇ ಲ್ಯಾರಿ ಗ್ರಹಾಂ. ಅವರು ಅಮ್ಮನ ಜೊತೆ ಡ್ರಮ್ಮರ್ ಇಲ್ದೆ ನುಡಿಸೋವಾಗ ಹೆಬ್ಬೆರಳಿನ ಪೆಟ್ಟು ಕಿಕ್ ಬದಲು, ಬೆರಳಲ್ಲಿ ಎಳೆಯೋದು ಸ್ನೇರ್ ಬದಲು ಅಂತ ಶುರು ಮಾಡ್ಕೊಂಡಿದ್ದು. ಇದು ತಲೆಯಲ್ಲಿದ್ರೆ ಸ್ಲ್ಯಾಪನ್ನ ಡ್ರಮ್ಸ್ ಥರಾನೇ ನುಡಿಸ್ತೀರಿ, ವೇಗದ ಹುಚ್ಚು ಇರಲ್ಲ.

ಕೆಲವು ಹಾಡು ಬೇಕಂತಲೇ ದೂರ ಇಟ್ಟಿದೀನಿ. ‘ಸೂಪರ್‌ಸ್ಟಿಷನ್’ ಬೇಸ್ ಸ್ಟೀವಿ ವಂಡರ್ ಸಿಂಥಲ್ಲಿ (ಎಲೆಕ್ಟ್ರಾನಿಕ್ ಕೀಬೋರ್ಡಲ್ಲಿ) ನುಡಿಸಿದ್ದು, ಹರ್ಬಿ ಹ್ಯಾನ್ಕಾಕ್ ಅವರ ‘ಕಮೀಲಿಯನ್’ನ ಶುರುವಿನ ಲೈನೂ ಸಿಂಥೇ. ಹಾಡು ಅದ್ಭುತ, ಆದ್ರೆ ಕೀಬೋರ್ಡಲ್ಲಿ ನೋಟ್ ಕಟ್ ಆಗೋ ರೀತಿ ಬೇರೆ, ತಂತಿಯಲ್ಲಿ ಬೆರಳು ಏನು ಮಾಡ್ಬೇಕು ಅಂತ ಅದ್ರಿಂದ ಕಲಿಯೋದು ಕಷ್ಟ.

ಕೆಲಸಕ್ಕೆ ಬರೋ ಎರಡು ವಿಷಯ. ಬೇಸಿನ ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್, ಫೋನ್ ಸ್ಪೀಕರಲ್ಲಿ ಅದು ಬರೋದೇ ಇಲ್ಲ, ಹೆಡ್‌ಫೋನ್ ಬೇಕೇ ಬೇಕು, ಆಗ್ಲೂ ಲೈನ್ ಸ್ಪಷ್ಟ ಆಗ್ಲಿಲ್ಲ ಅಂದ್ರೆ ಒಂದು ಆಕ್ಟೇವ್ (ಅದೇ ಸ್ವರದ ಮೇಲಿನ ಸ್ಥಾಯಿ) ಮೇಲೆ ನುಡಿಸಿ ಸರಿ ನೋಡ್ಕೊಂಡು ಆಮೇಲೆ ಕೆಳಗಿಳೀತೀನಿ. ಇನ್ನೊಂದು, ಹಳೇ ಟೇಪ್ ರೆಕಾರ್ಡಿಂಗ್ ಕೆಲವು ಟ್ಯೂನರಿನ 440ಕ್ಕೆ (ಎ ಸ್ವರ 440 ಹರ್ಟ್ಸ್ ಅನ್ನೋ ಈಗಿನ ಅಳತೆಗೆ) ಕೂರಲ್ಲ, ಸ್ವಲ್ಪ ಮೇಲೋ ಕೆಳಗೋ ಇರುತ್ತೆ, ಆಗ ಟ್ಯೂನರ್ ಪಕ್ಕಕ್ಕಿಟ್ಟು ಹಾಡಿನ ಶ್ರುತಿಗೆ ತಂತಿ ಸೇರಿಸ್ಕೊಳ್ಳೋದೇ ಸರಿ.

ಈಗ ಕೈಯಲ್ಲಿರೋದು ಟವರ್ ಆಫ್ ಪವರ್ ಅವರ ‘ವಾಟ್ ಈಸ್ ಹಿಪ್’ (1973), ರಾಕೋ ಪ್ರೆಸ್ಟಿಯಾ ಬೇಸ್, ಬಿಡುವಿಲ್ಲದ ಹದಿನಾರನೇ ನೋಟುಗಳು, ಅಂದ್ರೆ ಒಂದು ಬೀಟಿಗೆ ನಾಲ್ಕು ನೋಟ್. ನೋಟ್ಸ್ ಇಷ್ಟು ಜಾಸ್ತಿ ಇರೋ ಹಾಡು ಈಗ ಯಾಕೆ ಅಂದ್ರೆ, ಅವರ ಎಡಗೈ ತಂತಿ ಮೇಲೆ ಹಗುರವಾಗಿ ಕೂತು ಪ್ರತಿ ನೋಟನ್ನೂ ಗಿಡ್ಡ ಮಾಡುತ್ತೆ, ‘ಎವರಿಡೇ ಪೀಪಲ್’ನಲ್ಲಿ ಕೈಗೆ ಕೂತ ಸಡಿಲಿಸೋ ಕೆಲಸವೇ ಇಲ್ಲಿ ಹದಿನಾರು ಪಟ್ಟು ಬೇಕು. 70 ಪರ್ಸೆಂಟ್ ವೇಗದಲ್ಲಿಟ್ಟು ನಾಲ್ಕು ಬಾರ್ (ತಾಳದ ಆವರ್ತ) ಮಾತ್ರ ಲೂಪ್ ಮಾಡ್ತೀನಿ, ಮುಂಗೈ ಬಿಗಿಯಾಗೋಕೆ ಶುರುವಾದ್ರೆ ಅಲ್ಲಿಗೇ ನಿಲ್ಲಿಸಿ ಡಕ್ ಡನ್ ಕಡೆಗೆ ವಾಪಸ್ ಹೋಗ್ತೀನಿ.